ಸರ್ ರಿಚರ್ಡ್ ಗ್ರಿಫಿತ್

ಐರ್ಲೆಂಡಿನ ಹಳ್ಳಿಗಳಲ್ಲಿ ತಮ್ಮ ಮನೆತನದ ಹೆಸರನ್ನು ಅರಸುವವರೆಲ್ಲರೂ ಈ ಮಹನೀಯರಿಗೆ ಋಣಿಗಳಾಗಿರುವರು. ಇವರು 1784ನೆಯ ಇಸವಿಯಲ್ಲಿ ಡಬ್ಲಿನ್ ನಗರದಲ್ಲಿ ಜನಿಸಿದರು. ಭೂಗರ್ಭಶಾಸ್ತ್ರವನ್ನು ಅಭ್ಯಾಸಮಾಡಿ, ಸ್ವದೇಶದ ಶಿಲಾಸ್ತರಗಳ ಭೂಪಟವನ್ನು ರಚಿಸಿ ಕೀರ್ತಿಗೊಂಡರು. ಸರಕಾರದವರು ತೆರಿಗೆಗಾಗಿ ನೆಲಮನೆಗಳಿಗೆ ಬೆಲೆಕಟ್ಟುವ ಕಾರ್ಯವನ್ನು ಇವರಿಗೆ ಒಪ್ಪಿಸಿದರು.

1847ರಿಂದ 1864ರವರೆಗೆ ಪ್ರಕಟವಾದ ಆ ಪಟ್ಟಿಗಳಲ್ಲಿ ಊರೂರಿನ ಒಕ್ಕಲಿನ ಹೆಸರು, ಭೂಮಿಯನ್ನು ಗೇಣಿಗೆ ಕೊಟ್ಟವನ ಹೆಸರು, ನೆಲದ ವಿಸ್ತೀರ್ಣ, ಅದರ ಬೆಲೆ ಇವೆಲ್ಲವೂ ದಾಖಲಾದವು. ಆ ಪಟ್ಟಿಗಳ ಪ್ರಕಟಣೆಯು ಆರಂಭವಾದುದು ಘೋರ ಕ್ಷಾಮದ ನಡುವೆ. ಆ ಕ್ಷಾಮದಲ್ಲಿ ಲಕ್ಷಾಂತರ ಜನರು ಮಡಿದರು. ಲಕ್ಷಾಂತರ ಜನರು ಹಡಗನ್ನೇರಿ ದೇಶಾಂತರ ಹೋದರು. ಗ್ರಿಫಿತ್‌ರವರು 1878ರಲ್ಲಿ ತೀರಿಕೊಂಡರು. 1922ರಲ್ಲಿ ಡಬ್ಲಿನ್ನಿನ ದಾಖಲೆಗಳ ಭವನವು ಬೆಂಕಿಗೆ ಆಹುತಿಯಾಗಲು, 1821ರಿಂದ 1851ರವರೆಗಿನ ಜನಗಣತಿಯ ಹಾಳೆಗಳು ಬಹುಮಟ್ಟಿಗೆ ಸುಟ್ಟುಹೋದವು. ಅಂದಿನಿಂದ ಈ ತೆರಿಗೆಯ ಪಟ್ಟಿಯೇ ವಂಶವನ್ನರಸುವವರಿಗೆ ದಾರಿದೀಪವಾಯಿತು.

ಆದರೂ ಅದರಲ್ಲೊಂದು ಕೊರತೆಯನ್ನು ನಾವು ಕಾಣುತ್ತೇವೆ. ಒಕ್ಕಲುತನ ನಡೆಸುತ್ತಿದ್ದ ವಿಧವೆಯರು ಮುಂತಾದ ಕೆಲವರನ್ನು ಬಿಟ್ಟರೆ, ಅಲ್ಲಿ ಸ್ತ್ರೀಯರ ಹೆಸರುಗಳಿಲ್ಲ. ಆ ಮನೆಗಳ ತಾಯಂದಿರೂ ಹೆಣ್ಣುಮಕ್ಕಳೂ ಯಾರೆಂಬುದನ್ನು ಆ ಪಟ್ಟಿಯು ಹೇಳಲಾರದು. ಆದುದರಿಂದಲೇ ನಮ್ಮ ಶಾಲೆಯ ದಾಖಲೆ ಪುಸ್ತಕದಲ್ಲಿ ಒಬ್ಬೊಬ್ಬ ಬಾಲಿಕೆಯ ಹೆಸರನ್ನು ಬರೆಯುವಾಗಲೂ ಅದನ್ನು ಅಲ್ಪಕಾರ್ಯವೆಂದು ನಾವು ಎಣಿಸುವುದಿಲ್ಲ.