ಶಬ್ದಸಾಧಕ ರೆವರೆಂಡ್ ಕಿಟೆಲ್

ಇಂಗ್ಲಿಷ್ ಶಬ್ದಗಳನ್ನು ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದೊಡನೆ ಮರೆಯುವುದು ರೋಣ, ನರಗುಂದ, ಗಜೇಂದ್ರಗಡಗಳಂಥ ಪ್ರದೇಶದ ಗ್ರಾಮೀಣ ವಿದ್ಯಾರ್ಥಿಗಳನ್ನು ಬಹುಕಾಲದಿಂದ ಕಾಡುತ್ತ ಬಂದ ತೊಡಕು. ಪರಭಾಷೆಯ ಶಬ್ದ ಮನಸ್ಸಿನಲ್ಲಿ ನೆಲೆಗೊಳ್ಳುವ ಬಗೆಯನ್ನು ತಮ್ಮ ಬಾಳಿನಿಂದಲೇ ತೋರಿಸಿಕೊಟ್ಟ ಮಹನೀಯರು ರೆವರೆಂಡ್ ಫರ್ಡಿನಾಂಡ್ ಕಿಟೆಲ್.

ಕಿಟೆಲ್‌ರವರು 1832ರಲ್ಲಿ ಉತ್ತರ ಜರ್ಮನಿಯ ರೆಸ್ಟರ್‌ಹಾಫೆ ಗ್ರಾಮದಲ್ಲಿ ಪಾದ್ರಿಯೊಬ್ಬರ ಮಗನಾಗಿ ಜನಿಸಿದರು. ಬಾಸೆಲ್ ಮಿಷನ್ನಿನ ಪ್ರಚಾರಕರಾಗಿ 1853ರಲ್ಲಿ ಭಾರತಕ್ಕೆ ಬಂದ ಅವರ ಮೊದಲ ಕಾರ್ಯಕ್ಷೇತ್ರ ಧಾರವಾಡ-ಹುಬ್ಬಳ್ಳಿಗಳ ಸೀಮೆ. ಬಂದದ್ದು ಮತಪ್ರಚಾರಕ್ಕೆ, ಆದರೆ ನಾಡಿನ ನುಡಿ ಅವರನ್ನು ಸೆರೆಹಿಡಿಯಿತು. ಅವರ ವಿದ್ಯಾಸಕ್ತಿ ಮಿಷನ್ನಿನ ಕೆಲವರಿಗೆ ರುಚಿಸಲಿಲ್ಲ. ಆದರೂ ಅವರು ಹಿಡಿದ ವ್ರತ ಬಿಡಲಿಲ್ಲ. ವೀರಶೈವ ಸಾಹಿತ್ಯವನ್ನೂ ಜೈನ ಕವಿಗಳನ್ನೂ ಅಭ್ಯಸಿಸಿದರು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿ ಪ್ರಕಟಿಸಿದರು.

ಅವರಿಗಿಂತ ಮೊದಲೇ ವಿಲಿಯಂ ರೀವ್ ಇಂಗ್ಲಿಷ್-ಕನ್ನಡ, ಕನ್ನಡ-ಇಂಗ್ಲಿಷ್ ಕೋಶಗಳನ್ನು ರಚಿಸಿದ್ದರು. ಕಿಟೆಲ್‌ರವರ ಕಾರ್ಯ ಇನ್ನೂ ವಿಸ್ತಾರವಾದುದು. ಸ್ವದೇಶಕ್ಕೆ ಮರಳಿದ್ದವರು ಕೋಶಕ್ಕಾಗಿಯೇ ಮತ್ತೊಮ್ಮೆ ಈ ನಾಡಿಗೆ ಬಂದರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಕನ್ನಡ-ಇಂಗ್ಲಿಷ್ ನಿಘಂಟು 1,700ಕ್ಕೂ ಹೆಚ್ಚು ಪುಟಗಳ, ಸುಮಾರು 70,000 ಶಬ್ದಗಳ ಭಂಡಾರ. ಕನ್ನಡವೂ ಇಂಗ್ಲಿಷೂ ಅವರ ತಾಯ್ನುಡಿಗಳಾಗಿರಲಿಲ್ಲವೆಂಬುದನ್ನು ನೆನೆದಾಗ ಆ ಶ್ರಮದ ಹಿರಿಮೆ ಮನದಟ್ಟಾಗುತ್ತದೆ.

ಈ ನಿಘಂಟು ಅರ್ಥವನ್ನಷ್ಟೇ ಕೊಟ್ಟು ಸುಮ್ಮನಾಗುವುದಿಲ್ಲ. ತಮಿಳು, ತೆಲುಗು, ಮಲಯಾಳ, ತುಳು ಭಾಷೆಗಳ ಬಂಧುಪದಗಳನ್ನು ಪಕ್ಕದಲ್ಲಿರಿಸುತ್ತದೆ. ಕಾವ್ಯಪ್ರಯೋಗಗಳನ್ನೂ ಜನರ ಬಾಯಿಯ ಗಾದೆಗಳನ್ನೂ ಉದಾಹರಿಸುತ್ತದೆ. ಒಂಟಿಯಾದ ಶಬ್ದ ಬಹುಬೇಗ ಮರೆಯಾಗುತ್ತದೆ. ಬಂಧುಬಳಗದೊಡನೆ, ಬಳಕೆಯೊಡನೆ ಬಂದ ಶಬ್ದ ಮನಸ್ಸಿನಲ್ಲಿ ಮನೆಮಾಡುತ್ತದೆ. ಇಂಗ್ಲಿಷ್ ಕಲಿಕೆಗೂ ಈ ಮಾತು ಸಲ್ಲುತ್ತದೆ. ಗಜೇಂದ್ರಗಡದ ನೇಕಾರರ ಮಗುವಿಗೆ ಲೂಮ್ ಎಂಬ ಪದವನ್ನು ಮನೆಯ ಮಗ್ಗದ ಸದ್ದಿನೊಡನೆ ಕಲಿಸಬೇಕು. ನರಗುಂದದ ಬಾಲಕನಿಗೆ ಫೋರ್ಟ್ ಎಂದರೆ ಕಣ್ಣೆದುರಿನ ಗುಡ್ಡದ ಕೋಟೆ. ರೋಣದ ರೈತನ ಮಗಳಿಗೆ ಸಾಯಿಲ್ ಎಂದರೆ ತಂದೆ ಬಿತ್ತುವ ಎರೆಮಣ್ಣು. ಹೀಗೆ ಕಲಿತದ್ದನ್ನು ವಾಕ್ಯದಲ್ಲಿ ಬಳಸಿ, ವಾರ ಕಳೆದ ಮೇಲೆ ಪುಸ್ತಕ ನೋಡದೆ ಮತ್ತೆ ನೆನೆಸಿಕೊಂಡರೆ ಪದ ಸ್ವಂತದ್ದಾಗುತ್ತದೆ. ತಾಯ್ನುಡಿಯನ್ನು ಬದಿಗೊತ್ತಿ ಕಲಿತ ಇಂಗ್ಲಿಷಿಗಿಂತ ತಾಯ್ನುಡಿಯ ಆಸರೆಯಲ್ಲಿ ಕಲಿತ ಇಂಗ್ಲಿಷು ಗಟ್ಟಿ.

ಟ್ಯೂಬಿಂಗೆನ್ ವಿಶ್ವವಿದ್ಯಾಲಯವು 1896ರಲ್ಲಿ ಕಿಟೆಲ್‌ರವರಿಗೆ ಗೌರವ ಡಾಕ್ಟರೇಟ್ ನೀಡಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಗ್ರಂಥ ಪ್ರಕಟವಾಯಿತು. ಅದೇ ವರ್ಷ ಅವರು ಟ್ಯೂಬಿಂಗೆನ್ನಿನಲ್ಲಿ ಕಾಲವಶರಾದರು. ಮದ್ರಾಸು ವಿಶ್ವವಿದ್ಯಾಲಯವು ಮರಿಯಪ್ಪ ಭಟ್ಟರಿಂದ ಪರಿಷ್ಕರಿಸಿ ಹೊರತಂದ ನಿಘಂಟು ನಾಲ್ಕು ಸಂಪುಟಗಳಲ್ಲಿ ಬೆಳಕು ಕಂಡಿತು. ಶಾಲೆಯ ಗ್ರಂಥಾಲಯದಲ್ಲಿ ಅದು ಬೀರುವಿನ ಅಲಂಕಾರವಾಗಿ ಉಳಿಯದೆ ಮಕ್ಕಳ ಕೈಬೆರಳುಗಳಿಂದ ಸವೆದರೆ, ಕಿಟೆಲ್‌ರವರಿಗೆ ಸಲ್ಲುವ ಗೌರವ ಅದಕ್ಕಿಂತ ಮಿಗಿಲಾದುದಿಲ್ಲ.