ಎಡಿಸನ್ ದಿನಕ್ಕೆ ನಾಲ್ಕೇ ಗಂಟೆ ಮಲಗುತ್ತಿದ್ದರೇ? ಅವರ ಡೈರಿಯಲ್ಲಿ ಇರುವುದೇ ಬೇರೆ!

ವಿದ್ಯುತ್ ಬಲ್ಬಿನಿಂದ ಹೆಸರಾದ ಥಾಮಸ್ ಎಡಿಸನ್ ದಿನಕ್ಕೆ ನಾಲ್ಕೇ ಗಂಟೆ ಮಲಗುತ್ತಿದ್ದರು, ನಿದ್ದೆ ಬಿಟ್ಟವರೇ ಸಾಧಕರಾಗುತ್ತಾರೆ ಎನ್ನುವ ಸಂದೇಶ ನಿಮಗೂ ಬಂದಿರಬಹುದು. ಇದು ಎಷ್ಟು ನಿಜ? ಅವರ ಬದುಕನ್ನೇ ನೋಡೋಣ.

1847ರಲ್ಲಿ ಅಮೆರಿಕದ ಓಹಾಯೊದಲ್ಲಿ ಹುಟ್ಟಿದ ಎಡಿಸನ್, ಹದಿಹರೆಯದಲ್ಲೇ ಕೆನಡಾದ ರೈಲು ನಿಲ್ದಾಣವೊಂದರಲ್ಲಿ ರಾತ್ರಿಪಾಳಿಯ ಟೆಲಿಗ್ರಾಫ್ ಕೆಲಸಕ್ಕೆ ಸೇರಿದರು. ಎಚ್ಚರವಾಗಿದ್ದೇನೆ ಎಂದು ತೋರಿಸಲು ಗಂಟೆಗೊಮ್ಮೆ ಸಂಕೇತ ಕಳಿಸಬೇಕಿತ್ತು. ಹುಡುಗ ಗಡಿಯಾರಕ್ಕೆ ಒಂದು ಸಾಧನ ಜೋಡಿಸಿದ. ಸಂಕೇತ ತಾನಾಗಿಯೇ ಹೋಗುತ್ತಿತ್ತು, ಅವನು ನಿದ್ದೆ ಮಾಡುತ್ತಿದ್ದ!

1879ರಲ್ಲಿ ಬಲ್ಬು ಯಶಸ್ವಿಯಾಯಿತು, ಹೆಸರೂ ಬಂತು. ಅತಿ ನಿದ್ದೆ ಕೆಟ್ಟ ಅಭ್ಯಾಸ, ತಮಗೆ ನಾಲ್ಕೈದು ಗಂಟೆ ಸಾಕು ಎಂದು ಸ್ವತಃ ಎಡಿಸನ್ ಹೇಳಿಕೊಳ್ಳುತ್ತಿದ್ದರು. ಇಂದಿನ ಫಾರ್ವರ್ಡ್‌ಗಳ ಮೂಲ ಇದೇ. ಆದರೆ ಪ್ರಯೋಗಾಲಯದ ಗ್ರಂಥಾಲಯದಲ್ಲೇ ಅವರಿಗೊಂದು ಮಂಚವಿತ್ತು. 1921ರ ಒಂದು ಫೋಟೊದಲ್ಲಂತೂ ಅಮೆರಿಕದ ಅಧ್ಯಕ್ಷ ಹಾರ್ಡಿಂಗ್ ಹತ್ತಿರದಲ್ಲೇ ಕುಳಿತಿದ್ದರೂ ಎಡಿಸನ್ ಮರದ ಕೆಳಗೆ ಗಾಢ ನಿದ್ದೆಯಲ್ಲಿದ್ದಾರೆ.

ಇದಕ್ಕಿಂತ ದೊಡ್ಡ ಸಾಕ್ಷಿ ಅವರದೇ ಡೈರಿ. ಮೊದಲ ಹೆಂಡತಿ ತೀರಿಕೊಂಡ ಮರುವರ್ಷ, 1885ರ ಜುಲೈನಲ್ಲಿ, ಕೆಲವು ದಿನ ಅವರು ಡೈರಿ ಬರೆದರು. ಜುಲೈ 12ರ ಮೊದಲ ಪುಟವೇ ನಿದ್ದೆಯ ಲೆಕ್ಕ: ಬೆಳಗ್ಗೆ 5.15ಕ್ಕೆ ಎಚ್ಚರ, ಬಿಸಿಲಿಗೆ ಬೆನ್ನು ಹಾಕಿ ಮತ್ತೆ ನಿದ್ದೆ, ಎದ್ದದ್ದು 7ಕ್ಕೆ. ಮುಂದೆ ಮದುವೆಯಾಗಲಿದ್ದ ಮಿನಾ ಆಗಲೇ ಮನಸ್ಸು ತುಂಬಿದ್ದಳು. 1931ರಲ್ಲಿ, 84ನೇ ವಯಸ್ಸಿನಲ್ಲಿ ಎಡಿಸನ್ ತೀರಿಕೊಂಡರು. ಹಗಲಿನ ನಿದ್ದೆಯನ್ನು ಬಿಟ್ಟ ಲೆಕ್ಕ ಮಾತ್ರ ಉಳಿದುಕೊಂಡಿತು.

ನಾವು ಮಾಡುವ ತಪ್ಪೂ ಇಂಥದ್ದೇ. ಎಷ್ಟು ನಿದ್ದೆ ಮಾಡುತ್ತೇವೆ ಎಂಬ ನಮ್ಮ ಅಂದಾಜು ಹಲವು ಸಲ ತಪ್ಪಿರುತ್ತದೆ. ಅದಕ್ಕೇ ವೈದ್ಯರು ಒಂದೆರಡು ವಾರ ನಿದ್ದೆಯ ಡೈರಿ ಬರೆಯಲು ಹೇಳುತ್ತಾರೆ. ಬರೆಯಬೇಕಾದದ್ದು ಇಷ್ಟೇ:

• ಮಲಗಿದ ಸಮಯ, ನಿದ್ದೆ ಹತ್ತಲು ಹಿಡಿದ ಹೊತ್ತು
• ನಡುವೆ ಎಚ್ಚರವಾದದ್ದು, ಬೆಳಗ್ಗೆ ಎದ್ದ ಸಮಯ
• ಹಗಲಿನ ನಿದ್ದೆ
• ಕಾಫಿ, ಟೀ ಕುಡಿದ ಹೊತ್ತು

ರಾತ್ರಿ ಗಡಿಯಾರ ನೋಡುತ್ತಾ ಕೂರಬೇಡಿ. ಬೆಳಗ್ಗೆ ಅಂದಾಜಿನಲ್ಲಿ ಬರೆದರೆ ಸಾಕು. ವಯಸ್ಕರಿಗೆ ಕನಿಷ್ಠ 7 ಗಂಟೆ, ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಅಷ್ಟು ಮಲಗಿದರೂ ಹಗಲಲ್ಲಿ ತೂಕಡಿಕೆ, ಜೋರು ಗೊರಕೆ ಇದ್ದರೆ ಡೈರಿಯೊಂದಿಗೆ ವೈದ್ಯರನ್ನು ಕಾಣಿ.

ಪರೀಕ್ಷೆಗೆ ಓದುತ್ತಿರುವ ಮಕ್ಕಳಿಗೆ ಎಡಿಸನ್ ಹೆಸರಿನ ಆ ಸಂದೇಶ ಕಳಿಸುವ ಮುನ್ನ, ಅವರ ಮಂಚವನ್ನೂ ನೆನಪಿಸಿಕೊಳ್ಳಿ.