ಗುತ್ತಿಯ ಮುರಾರಿರಾಯ

ಕೌಲೆಂದರೆ ಪ್ರಭುಗಳು ಪ್ರಜೆಗೆ ಬರೆದುಕೊಡುತ್ತಿದ್ದ ಅಭಯಪತ್ರ. ಆ ಹೆಸರನ್ನೇ ಹೊತ್ತ ಕೌಲ್ ಬಜಾರಿನಲ್ಲಿ ನೆಲಸಿ ಕನ್ನಡ ಪಾಠ ಹೇಳುವ ನನಗೆ, ಕತ್ತಿಯಿಂದ ನೆಲವನ್ನು ಗಳಿಸಿ, ಕತ್ತಿಗೇ ಅದನ್ನು ಕಳೆದುಕೊಂಡು, ಕೊನೆಗೆ ಒಂದು ಕಾಗದದಿಂದ ಉಳಿದುಕೊಂಡ ಸಂಡೂರಿನ ಘೋರ್ಪಡೆ ಮನೆತನದ ಕಥೆ ಬಹಳ ಕಾಲದಿಂದ ಕುತೂಹಲದ ವಿಷಯವಾಗಿದೆ.

ಛತ್ರಪತಿ ರಾಜಾರಾಮನ ಸೇನಾಪತಿಯಾಗಿದ್ದ ಸಂತಾಜಿ ಈ ಮನೆತನದವನು. ಹಿಂದೂರಾವ್, ಮಮಲಕತ್‌ಮದಾರ್, ಸೇನಾಪತಿ ಎಂಬ ಬಿರುದುಗಳನ್ನು ಇವರು ಧರಿಸಿದ್ದರು. ಬೇಡ ಪಾಳೆಯಗಾರನಿಂದ ಸಂಡೂರನ್ನು ಗೆದ್ದು ಆ ಬಿರುದುಗಳಿಗೊಂದು ನೆಲೆಯನ್ನೊದಗಿಸಿದವನು ಸಿದ್ದೋಜಿರಾಯ. ಅವನ ಮಗನೇ ಮುರಾರಿರಾಯ.

ಮುರಾರಿರಾಯನದು ಅಲೆಯಂತೆ ಏಳುತ್ತ ಬೀಳುತ್ತ ಸಾಗಿದ ಬಾಳು. 1741ರಲ್ಲಿ ಮರಾಠರು ತಿರುಚಿರಾಪಳ್ಳಿಯನ್ನು ಹಿಡಿದಾಗ ಅದರ ಅಧಿಪತ್ಯ ಅವನ ಪಾಲಿಗೆ ಬಂದಿತು. ಎರಡೇ ವರ್ಷಗಳಲ್ಲಿ ನಿಜಾಮನಿಗೆ ಬಿಟ್ಟುಕೊಡಬೇಕಾಯಿತು. 1751ರಲ್ಲಿ ಆರ್ಕಾಟಿನ ಮುತ್ತಿಗೆಯಲ್ಲಿ ಕ್ಲೈವನ ನೆರವಿಗೆ ಹೊರಟವನೂ ಇವನೇ, ಅನಂತರ ಫ್ರೆಂಚರ ಪಕ್ಷಕ್ಕೆ ತಿರುಗಿದವನೂ ಇವನೇ. ಚಂಚಲನೆಂದು ಹಳಿಯುವವರುಂಟು. ಆ ಕಾಲದಲ್ಲಿ ಪಕ್ಷ ಬದಲಿಸದವರು ಯಾರಿದ್ದರೆಂದು ನಾನು ಕೇಳುತ್ತೇನೆ.

ಅವನ ರಾಜಧಾನಿ ಗುತ್ತಿಯ ಗಿರಿದುರ್ಗ. ಅಲ್ಲಿ ಬಂಡೆಯಂಚಿನಲ್ಲಿ ನುಣುಪು ಗಾರೆಯ ಪುಟ್ಟ ಮಂಟಪವೊಂದಿದೆ. ಅದನ್ನು ಮುರಾರಿರಾಯನ ಪೀಠವೆಂದೇ ಕರೆಯುತ್ತಾರೆ. ಅಲ್ಲಿ ಕುಳಿತು ಅವನು ಚದುರಂಗವಾಡುತ್ತಿದ್ದನಂತೆ.

1775ರಲ್ಲಿ ಬಳ್ಳಾರಿಯನ್ನು ವಶಪಡಿಸಿಕೊಂಡ ಹೈದರಾಲಿ ಗುತ್ತಿಯತ್ತ ತಿರುಗಿದನು. ಕೋಟೆಯ ಗೋಡೆಗಳು ಸೋಲಲಿಲ್ಲ, ಸೋತದ್ದು ಬಾವಿಗಳು. ಬೆಟ್ಟದ ಮೇಲೆ ನೀರು ಬತ್ತಿದೊಡನೆ 1776ರಲ್ಲಿ ಮುರಾರಿರಾಯ ಶರಣಾಗಬೇಕಾಯಿತು. ಹೈದರನು ಅವನನ್ನು ಶ್ರೀರಂಗಪಟ್ಟಣಕ್ಕೂ ಅಲ್ಲಿಂದ ಕಬ್ಬಾಳದುರ್ಗಕ್ಕೂ ಕಳುಹಿಸಿದನು. ಸೆರೆಯಲ್ಲಿಯೇ ಅವನು ತೀರಿಕೊಂಡನು. ಸಂಡೂರೂ ಹೈದರನ ಪಾಲಾಯಿತು.

ಬಿರುದು ಮಾತ್ರ ದತ್ತಕದ ಮೂಲಕ ಮುಂದುವರಿಯಿತು. 1790ರಲ್ಲಿ ಮನೆತನದವರು ಟಿಪ್ಪುವಿನ ಕಾವಲುಪಡೆಯನ್ನು ಸಂಡೂರಿನಿಂದ ಹೊರಗಟ್ಟಿದರು. 1817ರಲ್ಲಿ ಪೇಶ್ವೆಯ ಒತ್ತಾಯಕ್ಕೆ ಮಣಿದು ಇಂಗ್ಲಿಷರು ಥಾಮಸ್ ಮನ್ರೋನನ್ನು ಸೈನ್ಯಸಮೇತ ಸಂಡೂರಿಗೆ ಕಳುಹಿಸಿದಾಗ ಶಿವರಾಯ ಕಾದಾಡದೆ ಊರನ್ನೊಪ್ಪಿಸಿದನು. ಅಷ್ಟರಲ್ಲಿ ಪೇಶ್ವೆಯೇ ಇಂಗ್ಲಿಷರಿಗೆ ವೈರಿಯಾದನು. ಮನ್ರೋನ ಶಿಫಾರಸಿನಂತೆ ಮರುವರ್ಷವೇ ಸಂಡೂರು ಶಿವರಾಯನಿಗೆ ಮರಳಿ ದೊರೆಯಿತು. 1826ರಲ್ಲಿ ಸನದೂ ಬಂದಿತು. ಮುರಾರಿರಾಯ ಬಾಳೆಲ್ಲ ಹೋರಾಡಿಯೂ ಉಳಿಸಿಕೊಳ್ಳಲಾರದ್ದನ್ನು ಆ ಹಾಳೆ 1949ರವರೆಗೆ, ಸಂಸ್ಥಾನವು ಬಳ್ಳಾರಿ ಜಿಲ್ಲೆಯಲ್ಲಿ ವಿಲೀನವಾಗುವ ತನಕ, ಕಾಪಾಡಿತು.

ಸನದು ಬಂದ ಮರುವರ್ಷ, 1827ರಲ್ಲಿ, ಮನ್ರೋ ಪತ್ತಿಕೊಂಡದಲ್ಲಿ ಕಾಲರಾ ತಗಲಿ ಮಡಿದನು. ಅವನನ್ನು ಮೊದಲು ಮಣ್ಣುಮಾಡಿದ್ದು ಗುತ್ತಿಯಲ್ಲಿ, ಮುರಾರಿರಾಯನ ಬೆಟ್ಟದ ಬುಡದಲ್ಲಿ.